ಇರುವೆಯ ಸಾವು, ಪೈಡಾನನ ಮುಖ

1970ರ ದಶಕದ ನಡುವಿನಲ್ಲಿ, ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಕಂಪ್ಯೂಟರೊಂದರೊಳಗೆ ಗುರುತ್ವಾಕರ್ಷಣೆ ಹೊಳೆಗೆ ಬಿದ್ದು, ಮುಳುಗಿ ಸತ್ತಿತು.

ಆಗಿದ್ದಿಷ್ಟು. ಜೇಮ್ಸ್ ಮೀಹನ್ ಎಂಬ ಸಂಶೋಧನಾ ವಿದ್ಯಾರ್ಥಿ ಅಲ್ಲಿ ರೋಜರ್ ಶ್ಯಾಂಕ್ ಅವರ ಮಾರ್ಗದರ್ಶನದಲ್ಲಿ ಕತೆ ಕಟ್ಟುವ ಪ್ರೋಗ್ರಾಂ ಬರೆಯುತ್ತಿದ್ದರು. ಅದರ ಹೆಸರು ಟೇಲ್‌ಸ್ಪಿನ್. ಅದರೊಳಗೆ ಒಂದು ಪುಟ್ಟ ಕಾಡು. ಕಾಡಿನಲ್ಲಿ ಕರಡಿ, ಹಕ್ಕಿ, ಇರುವೆ, ನರಿ. ಪ್ರತಿ ಪ್ರಾಣಿಗೂ ಏನಾದರೊಂದು ಬೇಕು. ಒಂದಕ್ಕೆ ಹಸಿವು, ಇನ್ನೊಂದಕ್ಕೆ ಬಾಯಾರಿಕೆ. ಬೇಕಾದ್ದನ್ನು ಪಡೆಯಲು ಅದು ಹೂಡುವ ಉಪಾಯ, ಕೇಳುವ ಸಹಾಯ, ಹೇಳುವ ಸುಳ್ಳು, ಹಾಕುವ ಬೆದರಿಕೆ ಎಲ್ಲ ಸೇರಿ ಕತೆಯಾಗಬೇಕು. ಲೇಖಕ ಮೊದಲೇ ಬರೆದಿಟ್ಟ ವಾಕ್ಯಗಳನ್ನು ಕಲಸಿ ಕೊಡುವ ಯಂತ್ರ ಮೀಹನ್‌ಗೆ ಬೇಕಿರಲಿಲ್ಲ. ಪಾತ್ರಗಳು ತಾವೇ ಯೋಚಿಸಿ ನಡೆದರೆ ಕತೆ ಹಿಂದೆಯೇ ಬರುತ್ತದೆ ಎಂಬುದು ಅವರ ಲೆಕ್ಕ.

ಒಂದು ಕತೆಯಲ್ಲಿ ಹೆನ್ರಿ ಎಂಬ ಇರುವೆ ನೀರು ಕುಡಿಯಲು ಹೋಗಿ ಕಾಲು ಜಾರಿ ಹೊಳೆಗೆ ಬೀಳುತ್ತದೆ. ಪ್ರೋಗ್ರಾಮಿನ ಲೆಕ್ಕದಲ್ಲಿ ಕರ್ತೃ ಇಲ್ಲದ ಕ್ರಿಯೆ ಇಲ್ಲ. ಇರುವೆಯನ್ನು ಯಾರೂ ತಳ್ಳಿಲ್ಲವಲ್ಲ, ಹಾಗಾದರೆ ಅದನ್ನು ನೀರಿಗೆ ಒಯ್ದವರು ಯಾರು? ಗುರುತ್ವಾಕರ್ಷಣೆ. ಅದನ್ನೂ ಒಂದು ಪಾತ್ರ ಅಂತಲೇ ಬರೆದುಕೊಂಡದ್ದಾಯಿತು. ಇನ್ನೊಂದನ್ನು ಒಯ್ದವರು ತಾವೂ ಅಲ್ಲಿಗೆ ಹೋಗಿರುತ್ತಾರೆ ಎಂಬುದು ಇನ್ನೊಂದು ನಿಯಮ. ಹಾಗಾಗಿ ಈಗ ಗುರುತ್ವಾಕರ್ಷಣೆಯೂ ನೀರಿನಲ್ಲಿದೆ. ನೀರಿಗೆ ಬಿದ್ದವರು ಈಜಬೇಕು, ಇಲ್ಲವೇ ಹಾರಬೇಕು, ಅದೂ ಆಗದಿದ್ದರೆ ಗೆಳೆಯರನ್ನು ಕೂಗಬೇಕು. ಗುರುತ್ವಾಕರ್ಷಣೆಗೆ ಕಾಲಿಲ್ಲ, ರೆಕ್ಕೆಯಿಲ್ಲ, ಈ ಲೋಕದಲ್ಲಿ ಒಬ್ಬ ಗೆಳೆಯನೂ ಇಲ್ಲ. ಮುಳುಗಿತು.

ಇದೇ ಇರುವೆಯ ಕತೆ ಇನ್ನೊಂದು ಸಲ ಬೇರೆ ರೀತಿ ಕೆಟ್ಟಿತ್ತು. ದಂಡೆಯಲ್ಲಿ ಅದರ ಆಪ್ತಮಿತ್ರ ಬಿಲ್ ಎಂಬ ಹಕ್ಕಿ ಕೂತಿತ್ತು. ಇರುವೆ ನೀರಿಗೆ ಬಿತ್ತು, ಕೂಗಲಾರದೆ ಸತ್ತಿತು. ಹಕ್ಕಿ ಮಾತ್ರ ಕೂತೇ ಇತ್ತು. ಅದಕ್ಕೆ ಕಲ್ಲೆದೆ ಅಂತಲ್ಲ. ಒಂದು ಪ್ರಾಣಿ ಹೊಸ ಜಾಗಕ್ಕೆ ಬಂದಾಗ ಮಾತ್ರ ಸುತ್ತಲಿನದನ್ನು ಗಮನಿಸುತ್ತದೆ ಎಂದು ಮೀಹನ್ ಬರೆದಿದ್ದರು. ಹಕ್ಕಿ ಮೊದಲಿಂದಲೂ ಅಲ್ಲೇ ಇತ್ತು. ಕಣ್ಣೆದುರು ಏನಾದರೂ ನಡೆದರೆ ಕೂತಲ್ಲಿಂದಲೇ ಕಾಣುತ್ತದೆ ಅಂತ ಯಾರೂ ಅದಕ್ಕೆ ಹೇಳಿರಲಿಲ್ಲ. ಯಾಕೆ ಹೇಳಿರಲಿಲ್ಲ ಅಂದರೆ, ಅದು ಹೇಳಬೇಕಾದ ಸಂಗತಿ ಅಂತ ಯಾರಿಗೂ ಹೊಳೆದಿರಲಿಲ್ಲ.

ಕಾಗೆ ನರಿ ಕತೆ ನಮ್ಮಲ್ಲಿ ಎರಡನೆಯ ಕ್ಲಾಸಿನ ಮಕ್ಕಳಿಗೂ ಬಾಯಿಪಾಠ. ಮೀಹನ್ ಅದನ್ನೂ ಕಟ್ಟಿಸಲು ಹೊರಟರು. ಜಂಬದ ಕಾಗೆ, ಕಪಟಿ ನರಿ, ಕಾಗೆಯ ಕೊಕ್ಕಿನಲ್ಲಿ ಗಿಣ್ಣಿನ ಚೂರು, ಎಲ್ಲ ಸಿದ್ಧ. ತಿಂಡಿ ಇರುವುದು ಗೊತ್ತಾದರೆ ಹಸಿವಾಗುತ್ತದೆ ಎಂಬ ನಿಯಮವೂ ಇತ್ತು. ಪ್ರೋಗ್ರಾಂ ಓಡಿತು. ತನ್ನ ಕೊಕ್ಕಿನಲ್ಲಿ ಗಿಣ್ಣು ಇರುವುದು ಕಾಗೆಗೆ ಗೊತ್ತಾಯಿತು. ಹಸಿವಾಯಿತು. ತಿಂದುಬಿಟ್ಟಿತು. ಆಮೇಲೆ ನರಿ ಬಂತು. ಕತೆ ಮುಗಿಯಿತು.

ನಗು ಬರುತ್ತದೆ, ಆದರೆ ಕಾಗೆಯ ಕಡೆ ತಪ್ಪು ಹುಡುಕಿ ನೋಡಿ, ಸಿಗುವುದಿಲ್ಲ. ಅದು ಮಾಡಿದ್ದು ಸರಿಯಾಗಿಯೇ ಇದೆ. ಹಾಗೆ ನೋಡಿದರೆ ಪೆದ್ದುತನ ಈಸೋಪನ ಕಾಗೆಯದು. ಬಾಯಲ್ಲಿ ತಿಂಡಿ ಇಟ್ಟುಕೊಂಡು ಅದು ಅಷ್ಟು ಹೊತ್ತು ಯಾಕೆ ಸುಮ್ಮನೆ ಕೂತಿತ್ತು? ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಕತೆ ಹೇಳಿದವರು, ಕೇಳಿದವರು ಯಾರೂ ಈ ಪ್ರಶ್ನೆ ಎತ್ತಲಿಲ್ಲ. ಎತ್ತಿದರೆ ಕತೆಯೇ ಇರುವುದಿಲ್ಲ ಎಂದು ಕೇಳುವ ಕೂಸಿಗೂ ಒಳಗೊಳಗೇ ಗೊತ್ತು.

ಕರಡಿಯ ಕತೆಯೊಂದಿದೆ. ಜೋ ಎಂಬ ಕರಡಿಗೆ ಹಸಿವು. ಜೇನುತುಪ್ಪ ಎಲ್ಲಿದೆ ಎಂದು ಇರ್ವಿಂಗ್ ಎಂಬ ಹಕ್ಕಿಯನ್ನು ಕೇಳುತ್ತದೆ. ಆ ಓಕ್ ಮರದಲ್ಲಿ ಜೇನುಗೂಡಿದೆ ಎನ್ನುತ್ತದೆ ಹಕ್ಕಿ. ಕರಡಿಗೆ ಸಿಟ್ಟು: ನಾನು ಕೇಳಿದ್ದು ತುಪ್ಪ, ನೀನು ಹೇಳುತ್ತಿರುವುದು ಗೂಡು, ಸರಿಯಾಗಿ ಹೇಳದಿದ್ದರೆ ಹೊಡೆಯುತ್ತೇನೆ! ಗೂಡಿನಲ್ಲಿ ತುಪ್ಪವಿರುತ್ತದೆ ಎಂಬುದನ್ನು ಮೀಹನ್ ಆಮೇಲೆ ಸೇರಿಸಿದರು. ಆಗ ಕರಡಿ ಮರದ ಹತ್ತಿರ ಹೋಗಿ ಗೂಡನ್ನೇ ತಿಂದು ಮುಗಿಸಿತು.

ಮೀಹನ್ 1976ರಲ್ಲಿ ತಮ್ಮ ಪಿಎಚ್.ಡಿ. ಪ್ರಬಂಧ ಒಪ್ಪಿಸಿದರು. ಅವರ ದೊಡ್ಡತನ ಏನೆಂದರೆ ಈ ಕೆಟ್ಟ ಕತೆಗಳನ್ನು ಮುಚ್ಚಿಡಲಿಲ್ಲ. ಯಾವ ನಿಯಮ ಇರಲಿಲ್ಲವಾದ್ದರಿಂದ ಯಾವ ಕತೆ ಹೇಗೆ ಹಾಳಾಯಿತು ಎಂದು ಒಂದೊಂದಾಗಿ ಬಿಡಿಸಿ ಬರೆದರು. ಟೇಲ್‌ಸ್ಪಿನ್ ಸರಿಯಾಗಿ ಹೇಳಿದ ಕತೆಗಳನ್ನು ಇವತ್ತು ಯಾರೂ ನೆನೆಯುವುದಿಲ್ಲ, ಅವು ನೀರಸ. ಕೆಟ್ಟವು ಮಾತ್ರ ಐವತ್ತು ವರ್ಷವಾದರೂ ಪಾಠದ ಪುಸ್ತಕಗಳಲ್ಲಿ ಓಡಾಡುತ್ತಿವೆ. ಕತೆಯೊಂದು ಹೇಳದೇ ಬಿಟ್ಟ ಮಾತುಗಳ ಮೇಲೆ ಎಷ್ಟು ಭಾರ ಹಾಕಿ ನಿಂತಿರುತ್ತದೆ ಎಂಬುದು ಹೀಗೆ ಬಯಲಿಗೆ ಬಿತ್ತು. ಅದನ್ನು ಕಂಡುಹಿಡಿಯಲು ಮೀಹನ್ ಹೊರಟಿರಲಿಲ್ಲ. ಅವರು ಹೊರಟದ್ದು ಕತೆ ಬರೆಸಲು.

ಟೇಲ್‌ಸ್ಪಿನ್‌ಗೆ ಚಿತ್ರದ ಉಸಾಬರಿ ಇರಲಿಲ್ಲ. ಅದರ ಕತೆ ಒಣ ಇಂಗ್ಲಿಷ್ ವಾಕ್ಯಗಳಾಗಿ ಮುದ್ರಣಗೊಂಡು ಹೊರಬರುತ್ತಿತ್ತು. ಅದನ್ನು ಕಾಮಿಕ್ಸ್ ಮಾಡಬೇಕೆಂದರೆ ಇನ್ನೊಂದು ಬೆಟ್ಟ ಹತ್ತಬೇಕು. ಯಾರು ಎಡಕ್ಕೆ, ಯಾರು ಬಲಕ್ಕೆ? ಮಾತಿನ ಬಲೂನು ಎಲ್ಲಿ? ಒಂದು ಚೌಕ ಎಲ್ಲಿ ಮುಗಿದು ಮುಂದಿನದು ಎಲ್ಲಿ ಶುರು? ಈ ಬೆಟ್ಟದ ಒಂದು ಬದಿಯನ್ನು 1996ರಲ್ಲಿ ಮೈಕ್ರೋಸಾಫ್ಟಿನ ಸಂಶೋಧನಾ ವಿಭಾಗದ ಡೇವಿಡ್ ಕರ್ಲ್ಯಾಂಡರ್ ಮತ್ತು ಜೊತೆಗಾರರು ಹತ್ತಿದರು. ಅವರ ಕಾಮಿಕ್ ಚಾಟ್ ಎಂಬ ಪ್ರೋಗ್ರಾಂ, ಇಂಟರ್ನೆಟ್ಟಿನಲ್ಲಿ ಜನ ಟೈಪು ಮಾಡುತ್ತಾ ಹರಟುವುದನ್ನು ಆಗಿಂದಾಗಲೇ ಕಾಮಿಕ್ಸ್ ಪುಟವಾಗಿ ಮಾಡಿ ತೋರಿಸುತ್ತಿತ್ತು. ಪಾತ್ರಗಳನ್ನು ಬರೆದುಕೊಟ್ಟವರು ಕಾಮಿಕ್ಸ್ ಕಲಾವಿದ ಜಿಮ್ ವುಡ್‌ರಿಂಗ್.

ಕೆಲಸ ಮಾಡುವ ರೀತಿ ಸರಳ, ಆದರೆ ಚುರುಕು. ಹರಟೆಯಲ್ಲಿ ‘ನಾನು’ ಅಂತ ಬಂದರೆ ಪಾತ್ರ ತನ್ನತ್ತ ಬೆರಳು ತೋರಿಸುತ್ತದೆ. ‘ನೀನು’ ಅಂದರೆ ಎದುರಿನವರತ್ತ. ನಮಸ್ಕಾರ ಹೇಳಿದರೆ ಕೈ ಬೀಸುತ್ತದೆ. ಪೂರ್ತಿ ದೊಡ್ಡಕ್ಷರದಲ್ಲಿ ಬರೆದರೆ ಕಿರುಚುತ್ತದೆ. ಮಾತಾಡುವವರು ಮುಖಾಮುಖಿ ನಿಲ್ಲುವಂತೆ, ಬಲೂನಿನ ಬಾಲಗಳು ಒಂದಕ್ಕೊಂದು ಅಡ್ಡ ಹಾಯದಂತೆ, ಮೊದಲು ಆಡಿದ ಮಾತು ಮೇಲೆ ಬರುವಂತೆ ಅದೇ ಜಾಗ ಹಂಚುತ್ತದೆ. ಒಬ್ಬನೇ ಎರಡನೆಯ ಸಲ ಬಾಯಿ ತೆರೆದರೆ ಹೊಸ ಚೌಕ ಹಾಕುತ್ತದೆ, ಯಾಕೆಂದರೆ ಒಂದೇ ಚೌಕದಲ್ಲಿ ಒಬ್ಬನೇ ಎರಡು ಕಡೆ ನಿಲ್ಲುವಂತಿಲ್ಲ. ಚಿತ್ರಗಾರರ ಕೈಗೆ ರೂಢಿಯಾಗಿದ್ದ ಜಾಣ್ಮೆಯಲ್ಲಿ ಇಷ್ಟು ಪಾಲು ನಿಯಮವಾಗಿ ಬರೆಯಲು ಬರುವಂಥದ್ದು ಅಂತ ಗೊತ್ತಾಯಿತು. ಈ ಪ್ರೋಗ್ರಾಮಿನಲ್ಲೇ ತಯಾರಿಸಿದ ಒಂದು ಪೋಲಿ ಕಾಮಿಕ್ಸ್ 1998ರಿಂದ ಇಂಟರ್ನೆಟ್ಟಿನಲ್ಲಿ ಬರತೊಡಗಿ ವರ್ಷಗಟ್ಟಲೆ ನಡೆಯಿತು. ಆದರೆ ಕತೆ ಇಲ್ಲಿ ಮನುಷ್ಯರ ಹರಟೆಯೇ. ಕಾಮಿಕ್ ಚಾಟ್‌ಗೆ ತಾನು ಏನು ತೋರಿಸುತ್ತಿದ್ದೇನೆ ಎಂಬುದರ ಗಂಧವೂ ಇರಲಿಲ್ಲ.

ಕತೆಯನ್ನೂ ಪಾತ್ರವನ್ನೂ ಎರಡನ್ನೂ ಯಂತ್ರದಿಂದ ತೆಗೆಸುವ ದೊಡ್ಡ ಪ್ರಯತ್ನ ನಡೆದದ್ದು ಜಪಾನಿನಲ್ಲಿ. ಅದೂ ಸಾಮಾನ್ಯ ಹೆಸರನ್ನು ಹಿಡಿದುಕೊಂಡಲ್ಲ.

ಒಸಾಮು ತೆಜುಕಾ. 1928ರಲ್ಲಿ ಒಸಾಕಾ ಪ್ರಾಂತದಲ್ಲಿ ಹುಟ್ಟಿದವರು, ವೈದ್ಯಕೀಯ ಓದಿ ಪರವಾನಗಿ ಪಡೆದು, ರೋಗಿಗಳನ್ನು ಬಿಟ್ಟು ಮಾಂಗಾ, ಅಂದರೆ ಜಪಾನೀ ಕಾಮಿಕ್ಸ್, ಹಿಡಿದವರು. ಅದಾದ ಮೇಲೂ ಬಸವನಹುಳುವಿನ ವೀರ್ಯಾಣುವಿನ ಮೇಲೆ ಪ್ರಬಂಧ ಬರೆದು 1961ರಲ್ಲಿ ಡಾಕ್ಟರೇಟ್ ಪಡೆದ ಆಸಾಮಿ. ಆಸ್ಟ್ರೋ ಬಾಯ್ ಅವರದು. ಕಳ್ಳ ಲೈಸೆನ್ಸಿಗೂ ಗತಿಯಿಲ್ಲದ, ಆದರೆ ಕೈಗುಣದಲ್ಲಿ ಸಮಾನರಿಲ್ಲದ ಸರ್ಜನ್ ಬ್ಲ್ಯಾಕ್ ಜ್ಯಾಕ್ ಅವರದು. ನಮ್ಮಲ್ಲಿ ಅವರನ್ನು ಓದಿದವರು ಹೆಚ್ಚಾಗಿ ‘ಬುದ್ಧ’ದ ಮೂಲಕ ಬಂದವರು. 1972ರಿಂದ 1983ರವರೆಗೆ ಧಾರಾವಾಹಿಯಾಗಿ ಹರಿದ ಆ ಮಹಾಕೃತಿಯ ಇಂಗ್ಲಿಷ್ ಸಂಪುಟಗಳು ಬೆಂಗಳೂರಿನ ಪುಸ್ತಕದಂಗಡಿಗಳಲ್ಲೂ ಸಿಗುತ್ತವೆ. ಕಪಿಲವಸ್ತುವಿನ ರಾಜಕುಮಾರನ ಪಕ್ಕದಲ್ಲಿ ತೆಜುಕಾ ತಮ್ಮನ್ನೇ ತಾವು ನುಸುಳಿಸಿ ತಮಾಷೆ ಮಾಡುವುದನ್ನು ಮೊದಲ ಸಲ ಕಂಡವರು ಬೆಚ್ಚುತ್ತಾರೆ. 1989ರ ಫೆಬ್ರುವರಿಯಲ್ಲಿ ತೀರಿಕೊಂಡಾಗ ಅವರು ಬಿಟ್ಟುಹೋದದ್ದು ಸುಮಾರು ಒಂದೂವರೆ ಲಕ್ಷ ಪುಟ.

ತೆಜುಕಾ ಇವತ್ತು ಬದುಕಿದ್ದರೆ ಏನು ಬರೆಯುತ್ತಿದ್ದರು? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ‘ತೆಜುಕಾ 2020’ ಎಂಬ ಯೋಜನೆ ಶುರುವಾಯಿತು. ದುಡ್ಡು ಹಾಕಿದ್ದು ಕಿಯೋಕ್ಸಿಯಾ. ಮೊದಲು ತೋಶಿಬಾ ಮೆಮೊರಿ ಎಂದಿದ್ದು, 2019ರ ಅಕ್ಟೋಬರಿನಲ್ಲಿ ಹೆಸರು ಬದಲಿಸಿಕೊಂಡ ಮೆಮೊರಿ ಚಿಪ್ ಕಂಪನಿ. ಹೊಸ ಹೆಸರು ಊರಿಗೆಲ್ಲ ಗೊತ್ತಾಗಬೇಕಲ್ಲ. ‘ಜಗತ್ತಿನಲ್ಲೇ ಮೊದಲು’ ಎಂಬ ಡಂಗುರಕ್ಕೆ ಅದೂ ಒಂದು ಕಾರಣ ಎಂದು ನನ್ನ ಗುಮಾನಿ. ಆದರೆ ಕೂಡಿದ ಜನ ಜಾಹೀರಾತಿನವರಲ್ಲ. ಕೇಯೋ ವಿಶ್ವವಿದ್ಯಾಲಯದ ಸತೋಶಿ ಕುರಿಹಾರಾ ಇದ್ದರು. ಹಾಕೊಡಾತೆಯ ಫ್ಯೂಚರ್ ಯೂನಿವರ್ಸಿಟಿಯ ಹಿತೋಶಿ ಮತ್ಸುಬಾರಾ ಇದ್ದರು. ಕಂಪ್ಯೂಟರಿನಿಂದ ಸಣ್ಣಕತೆ ಬರೆಸುವ ಯೋಜನೆ ನಡೆಸಿ, 2016ರಲ್ಲಿ ಅದರ ಫಲವೊಂದು ಸಾಹಿತ್ಯ ಸ್ಪರ್ಧೆಯ ಮೊದಲ ಸುತ್ತು ದಾಟಿದಾಗ, ಅದರಲ್ಲಿ ಹೆಚ್ಚಿನ ಪಾಲು ಮನುಷ್ಯರ ಕೆಲಸ ಎಂದು ಮುಚ್ಚುಮರೆಯಿಲ್ಲದೆ ಹೇಳಿದವರು. ತೆಜುಕಾ ಅವರ ಮಗ, ಚಿತ್ರ ನಿರ್ದೇಶಕ ಮಕೋತೊ ತೆಜುಕಾ ಇದ್ದರು. ಅಪ್ಪನ ಜಾಡು ಇದು ಹೌದೋ ಅಲ್ಲವೋ ಎಂದು ಹೇಳಬಲ್ಲವರು ಒಬ್ಬರಾದರೂ ಬೇಕಿತ್ತು.

ಮೊದಲ ತೊಡಕು ಶುರುವಿನಲ್ಲೇ ಎದುರಾಯಿತು. ಆಗಿನ ಯಂತ್ರಕ್ಕೆ ಮಾಂಗಾ ಓದಲು ಬರುವುದಿಲ್ಲ. ಪುಟವನ್ನು ಸ್ಕ್ಯಾನ್ ಮಾಡಿ ಕೊಡಬಹುದು, ಅದರಲ್ಲಿ ಅದಕ್ಕೆ ಕಾಣುವುದು ಗೆರೆ ಮತ್ತು ಕಪ್ಪು ಮಸಿ. ಒಂದು ಚೌಕದಲ್ಲಿ ಎತ್ತಿದ ಕೈ, ಮುಂದಿನ ಚೌಕದಲ್ಲಿ ನೆಲಕ್ಕುರುಳಿದ ಮನುಷ್ಯ. ಏಟು ಬಿದ್ದದ್ದು ಎರಡರ ನಡುವಿನ ಖಾಲಿ ಜಾಗದಲ್ಲಿ, ಅಲ್ಲಿ ಚಿತ್ರವೇ ಇಲ್ಲ. ಹಾಗಾಗಿ ಮನುಷ್ಯರೇ ಕೂತು ತೆಜುಕಾ ಅವರ ದೀರ್ಘ ಕೃತಿಗಳನ್ನೂ ಬಿಡಿ ಕತೆಗಳನ್ನೂ ಓದಿ, ಪ್ರತಿಯೊಂದನ್ನೂ ತುಂಡು ಮಾಡಿ ಪಟ್ಟಿ ಬರೆದರು. ಅದಕ್ಕೆ ಚೌಕಟ್ಟಾಗಿ ಹಿಡಿದದ್ದು ಜಪಾನಿನ ಕಂಪ್ಯೂಟರ್ ಗ್ರಾಫಿಕ್ಸಿನ ಹಿರಿಯ ಮಿತ್ಸುರು ಕನೆಕೊ ಚಿತ್ರಕಥೆಗಾರರಿಗಾಗಿ ರೂಪಿಸಿದ 13 ಹಂತಗಳ ಸರಣಿ. ನಿತ್ಯದ ಬದುಕು, ಒಂದು ಘಟನೆ, ನಿರ್ಧಾರ, ಇಕ್ಕಟ್ಟು, ಒದಗಿ ಬಂದ ನೆರವು, ಹೀಗೆ ಏರುತ್ತಾ, ಸರ್ವನಾಶದ ಅಂಚಿಗೆ ಹೋಗಿ, ಮುಖಾಮುಖಿಯಾಗಿ, ಕೊನೆಗೆ ನೆಮ್ಮದಿಗೆ ಬಂದು ನಿಲ್ಲುವ ಸರಣಿ. ಇದರ ಜೊತೆಗೆ ಕಾಲ, ಸ್ಥಳ, ನಾಯಕನ ಕಸುಬು, ಕತೆಯ ಒಳ ವಿಷಯ.

ಪಟ್ಟಿ ತುಂಬಿದವರ ಕಷ್ಟವನ್ನು ಒಂದು ಗಳಿಗೆ ಊಹಿಸಿ. ಯಾವುದಾದರೂ ಕತೆಯನ್ನು ತೆಗೆದುಕೊಂಡು, ಇದರಲ್ಲಿ ‘ನಿರ್ಧಾರ’ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬೇಕು. ನಾಯಕ ಏನನ್ನೂ ನಿರ್ಧರಿಸದೆ ಕೊಚ್ಚಿಕೊಂಡು ಹೋಗುವ ಕತೆಗಳೂ ಇರುತ್ತವೆ. ಯಾರ ಕತೆ ಅಂತಲೇ ಹೇಳಲಾಗದವು ಇರುತ್ತವೆ. ಒಂದು ಬಲವಾದ ಕತೆಯನ್ನು ಹದಿಮೂರು ಖಾನೆಗೆ ಹಂಚುವಾಗ ಖಾನೆಯಿಂದ ಹೊರಗೆ ಚೆಲ್ಲಿಹೋಗುವುದೇ ಬಹಳ. ಯಂತ್ರಕ್ಕೆ ಸಿಕ್ಕಿದ್ದು ಖಾನೆಯಲ್ಲಿ ಉಳಿದಷ್ಟು.

ಅದನ್ನು ಕಲಸಿ ಯಂತ್ರ ನೂರಕ್ಕೂ ಹೆಚ್ಚು ಕಥಾಹಂದರಗಳನ್ನು ಕೊಟ್ಟಿತು. ಕತೆ ಎನ್ನಬೇಡಿ, ತುಂಡು ತುಂಡು ವಾಕ್ಯಗಳ ಸಾಲು. ಒಂದು ಹಂತಕ್ಕೂ ಮುಂದಿನದಕ್ಕೂ ನಡುವೆ ಸೇತುವೆಯಿಲ್ಲ. ಇವನು ಅಲ್ಲಿಗೆ ಯಾಕೆ ಹೋದ, ಅವಳಿಗೆ ಸಿಟ್ಟು ಯಾಕೆ ಬಂತು ಎಂದು ಕೇಳಿದರೆ ಉತ್ತರವಿಲ್ಲ. ಮೀಹನ್‌ರ ಪಾತ್ರಗಳು ಪ್ರತಿಯೊಂದಕ್ಕೂ ಕಾರಣ ಇಟ್ಟುಕೊಂಡೇ ಮೂರ್ಖರಾಗುತ್ತಿದ್ದವು. ಇವಕ್ಕೆ ಕಾರಣದ ಗೊಡವೆಯೇ ಇಲ್ಲ, ಮಾದರಿ ಮಾತ್ರ ಇದೆ. ಬಹುಪಾಲು ಕಸಕ್ಕೆ ಹೋಯಿತು. ಉಳಿದವುಗಳಿಂದ ಒಂದನ್ನು ಆರಿಸಿ, ಸಂದುಗಳನ್ನು ತುಂಬಿ, ಚಿತ್ರಕಥೆ ಬರೆದವರು ಮನುಷ್ಯರು.

ಈ ಅರ್ಧ ನನಗೆ ಅಷ್ಟೇನೂ ಬೆರಗು ಹುಟ್ಟಿಸುವುದಿಲ್ಲ. ಪಂಚಾಂಗದಂತೆ ಕತೆ ಕೂಡಿಸುವ ಇಂಥ ಸಾಹಸಗಳು ಹಿಂದೆಯೂ ಆಗಿವೆ. ನಿಜವಾದ ಶೋಧ ನಡೆದದ್ದು ಇನ್ನೊಂದು ಕೋಣೆಯಲ್ಲಿ, ಪಾತ್ರಗಳ ಮುಖ ತೆಗೆಯುತ್ತಿದ್ದವರ ಕಡೆ.

ಮುಖ ತೆಗೆಯಲು ಅವರು ಹಿಡಿದದ್ದು ಗ್ಯಾನ್ ಎಂಬ ವಿಧಾನ. 2014ರಲ್ಲಿ ಇಯಾನ್ ಗುಡ್‌ಫೆಲೋ ಮತ್ತು ಮಾಂಟ್ರಿಯಾಲಿನ ಸಂಗಡಿಗರು ಮುಂದಿಟ್ಟದ್ದು. ಇದರಲ್ಲಿ ಎರಡು ನರಜಾಲಗಳು ಎದುರುಬದುರಾಗಿ ಕೂರುತ್ತವೆ. ಒಂದು, ಚಿತ್ರ ತಯಾರಿಸುತ್ತದೆ. ಇನ್ನೊಂದಕ್ಕೆ ಅಸಲಿ ಚಿತ್ರಗಳನ್ನೂ ಈ ತಯಾರಿಯನ್ನೂ ಬೆರೆಸಿ ಕೊಡುತ್ತಾರೆ. ಯಾವುದು ಅಸಲಿ, ಯಾವುದು ನಕಲಿ ಎಂದು ಅದು ಹೇಳಬೇಕು. ಸಿಕ್ಕಿಬಿದ್ದಾಗಲೆಲ್ಲ ಮೊದಲನೆಯದು ತಿದ್ದಿಕೊಳ್ಳುತ್ತದೆ, ಮೋಸಹೋದಾಗಲೆಲ್ಲ ಎರಡನೆಯದು ತಿದ್ದಿಕೊಳ್ಳುತ್ತದೆ. ಲಕ್ಷಾಂತರ ಸುತ್ತು ಹೀಗೇ ನಡೆದರೆ ತಯಾರಿಯೂ ಅಸಲಿಯೂ ಬೇರೆ ಕಾಣದ ಹಂತ ಬರುತ್ತದೆ.

ತೆಜುಕಾ ಬರೆದ ಸಾವಿರಾರು ಮುಖಗಳನ್ನು ಪುಟಗಳಿಂದ ಕತ್ತರಿಸಿ ಕೊಟ್ಟರು. ಯಂತ್ರ ಉರುಹೊಡೆಯಿತು. ಹೊರಬಂದದ್ದು ಮುಖವಲ್ಲ. ಕಲಸಿದ ಮಸಿ, ಎಲ್ಲೋ ಒಂದು ಕಣ್ಣಿನಂಥದ್ದು, ಗಲ್ಲ ಕರಗಿ ಕೂದಲಿಗೆ ಸೇರಿದಂಥದ್ದು. ಮತ್ತೆ ಮತ್ತೆ ಹೊಂದಿಸಿದರೂ ಅಷ್ಟೇ.

ಇದು ಯಾಕೆ ಸೋಜಿಗ ಎನ್ನುವುದಕ್ಕೆ ತೆಜುಕಾ ಅವರೇ ಆಡಿದ ಮಾತೊಂದನ್ನು ಇಲ್ಲಿ ತರಬೇಕು. 1979ರ ಸಂದರ್ಶನವೊಂದರಲ್ಲಿ ಅವರು ತಮ್ಮ ಚಿತ್ರಗಳನ್ನು ಚಿತ್ರ ಎಂದೇ ಒಪ್ಪಿಕೊಳ್ಳಲಿಲ್ಲ. ಅವು ಒಂದು ಬಗೆಯ ಚಿತ್ರಲಿಪಿ, ಸಂಕೇತಗಳು ಎಂಬುದು ಅವರ ವಾದ. ಅಚ್ಚರಿಯಾದರೆ ಕಣ್ಣು ಗುಂಡಗೆ, ಸಿಟ್ಟಾದರೆ ಕಣ್ಣಿನ ಪಕ್ಕ ಇಂಥ ಗೆರೆ; ಇಂಥ ಅಚ್ಚುಗಳನ್ನು ಕೂಡಿಸುತ್ತಾ ಹೋಗುವುದೇ ತಮ್ಮ ಕೆಲಸ ಅಂದರು. ಮುಖಗಳನ್ನೂ ಅವರು ಹಾಗೆಯೇ ಬಳಸಿದರು. ಚಿಕ್ಕಂದಿನಲ್ಲಿ ಬೆಳೆದದ್ದು ತಕರಾಜುಕಾದಲ್ಲಿ, ಹೆಣ್ಣುಮಕ್ಕಳೇ ಎಲ್ಲ ಪಾತ್ರ ಮಾಡುವ ಅಲ್ಲಿನ ನಾಟಕ ತಂಡದ ಆಟಗಳನ್ನು ನೋಡಿಕೊಂಡು. ಅದರ ಪ್ರಭಾವದಿಂದಲೋ ಏನೋ ತಮ್ಮ ಮಾಂಗಾ ಪಾತ್ರಗಳನ್ನು ನಟರಂತೆ ಕಂಡರು. ಕಂಪನಿ ನಾಟಕ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ನಿನ್ನೆ ದುಶ್ಶಾಸನನಾಗಿ ಅಬ್ಬರಿಸಿದವನೇ ಇವತ್ತು ಬಡ ಮಾಸ್ತರನಾಗಿ ಬರುತ್ತಾನೆ, ಜನ ಇಬ್ಬರನ್ನೂ ನಂಬುತ್ತಾರೆ. ಹಾಗೆಯೇ ತೆಜುಕಾ ಅವರ ಒಂದೇ ದೊಡ್ಡ ಮೂಗಿನ ಮುದುಕ ಒಂದು ಪುಸ್ತಕದಲ್ಲಿ ವಿಜ್ಞಾನಿ, ಇನ್ನೊಂದರಲ್ಲಿ ಸನ್ಯಾಸಿ.

ಮುಖವೆಂದರೆ ಸಂಕೇತಗಳ ಜೋಡಣೆ ಎನ್ನುವುದಾದರೆ ಯಂತ್ರಕ್ಕೆ ಇದಕ್ಕಿಂತ ಸುಲಭದ ಪಾಠವಿಲ್ಲ. ಸಂಕೇತ ಜೋಡಿಸುವುದೇ ಅದರ ಜೀವನ. ಸಾವಿರಾರು ಉದಾಹರಣೆ ಕೊಟ್ಟರೂ ಅದಕ್ಕೆ ಒಂದು ಮುಖ ಕಟ್ಟಲು ಯಾಕೆ ಬರಲಿಲ್ಲ?

ತಾಂತ್ರಿಕ ಉತ್ತರ ಹೀಗಿದೆ. ಸಾವಿರಾರು ಎಂದರೆ ನಮಗೆ ಬಹಳ, ಗ್ಯಾನ್‌ಗೆ ಚೂರು. ಅದರಲ್ಲೂ ಮಾಂಗಾ ಮುಖಗಳಲ್ಲಿ ಒಂದು ಎಡಕ್ಕೆ ನೋಡುತ್ತದೆ, ಒಂದು ಅಳುತ್ತದೆ, ಒಂದರ ಮೇಲೆ ಟೋಪಿ, ಒಂದರ ಮೇಲೆ ಮಾತಿನ ಬಲೂನು. ಮೂಗು ಒಂದರಲ್ಲಿ ಆಲೂಗಡ್ಡೆಯಷ್ಟು, ಇನ್ನೊಂದರಲ್ಲಿ ಒಂದು ಚುಕ್ಕೆ, ಮತ್ತೊಂದರಲ್ಲಿ ಇಲ್ಲವೇ ಇಲ್ಲ. ಪಕ್ಕದಿಂದ ನೋಡಿದರೆ ಕಾಣಬಾರದ ಕಣ್ಣು ಕೂದಲಿನ ಮೇಲಿಂದಲೂ ಕಾಣುತ್ತದೆ. ಓದುಗರು ಅದನ್ನು ಗಮನಿಸುವುದೂ ಇಲ್ಲ. ಇಷ್ಟೆಲ್ಲ ಬೇರೆ ಬೇರೆಯಾಗಿರುವುದನ್ನು ಒಂದೇ ಬಗೆಯದು ಎಂದು ಹಿಡಿಯಲು ಯಂತ್ರಕ್ಕೆ ಆಧಾರವೇ ಇಲ್ಲ. ಚುಕ್ಕೆಯನ್ನು ನಾವು ಮೂಗು ಅಂತ ಓದುತ್ತೇವೆ, ಯಾಕೆಂದರೆ ಅದು ಇರುವುದು ಮೂಗಿರಬೇಕಾದ ಕಡೆ. ಮೂಗು ಎಲ್ಲಿರಬೇಕು ಎಂಬುದನ್ನು ನಾವು ಮಾಂಗಾದಿಂದ ಕಲಿತದ್ದಲ್ಲ. ತೊಟ್ಟಿಲಲ್ಲಿ ಮಲಗಿ ಅಮ್ಮನ ಮುಖ ನೋಡುತ್ತಾ ಕಲಿತದ್ದು.

ತಂಡಕ್ಕೆ ದಾರಿ ಸಿಕ್ಕಿದ್ದೂ ಅಲ್ಲೇ. ಎನ್‌ವಿಡಿಯಾ ಕಂಪನಿಯವರು 2018ರ ಕೊನೆಗೆ ಸ್ಟೈಲ್‌ಗ್ಯಾನ್ ಎಂಬ ಹೊಸ ಜಾಲವನ್ನು ಹೊರತಂದಿದ್ದರು. ಅದು ಕಲಿತದ್ದು ನಿಜವಾದ ಮನುಷ್ಯರ 70,000 ಫೋಟೊಗಳಿಂದ. ಲೋಕದಲ್ಲಿ ಇಲ್ಲದ ಮನುಷ್ಯರ ಮುಖಗಳನ್ನು, ಚರ್ಮದ ಸುಕ್ಕೂ ಬಿಡದಂತೆ, ಅದು ತೆಗೆದು ತೋರಿಸುತ್ತಿತ್ತು. ತೆಜುಕಾ ತಂಡ ಈ ಜಾಲವನ್ನೇ ತೆಗೆದುಕೊಂಡಿತು. ಖಾಲಿ ಯಂತ್ರಕ್ಕೆ ಮಾಂಗಾ ಕಲಿಸುವ ಬದಲು, ಮನುಷ್ಯರ ಮುಖ ಆಗಲೇ ಗೊತ್ತಿದ್ದ ಯಂತ್ರಕ್ಕೆ ಮಾಂಗಾ ಕಲಿಸಿದರು. ಒಂದು ವಿಷಯದಲ್ಲಿ ಕಲಿತದ್ದನ್ನು ಇನ್ನೊಂದಕ್ಕೆ ಸಾಲ ತರುವ ಈ ಉಪಾಯ ಕಂಪ್ಯೂಟರಿನವರಿಗೆ ಹೊಸದೇನಲ್ಲ. ಆದರೆ ಫೋಟೊಗೂ ತೆಜುಕಾ ಗೆರೆಗೂ ಇರುವ ದೂರ ನೋಡಿದರೆ ಇದು ಕೈಗೂಡುತ್ತದೆ ಎಂದು ಬಾಜಿ ಕಟ್ಟುವ ಧೈರ್ಯ ನನಗಂತೂ ಇರುತ್ತಿರಲಿಲ್ಲ.

ಕೈಗೂಡಿತು. ಮಸಿಯ ಮುದ್ದೆಯ ಜಾಗದಲ್ಲಿ ಮುಖಗಳು ಬರತೊಡಗಿದವು. ಕಣ್ಣು ಕಣ್ಣಿನ ಜಾಗದಲ್ಲಿ, ಮೂಗು ಮೂಗಿನ ಜಾಗದಲ್ಲಿ, ಗೆರೆ ಮಾತ್ರ ತೆಜುಕಾ ಅವರದು. ಅವರು ಎಂದೂ ಬರೆಯದ, ಆದರೆ ಬರೆದಿರಬಹುದಾಗಿದ್ದ ಮುಖಗಳು.

ತಮ್ಮದು ಸಂಕೇತ ಮಾತ್ರ ಎಂದ ತೆಜುಕಾ ಹುಸಿ ಹೇಳಿದರೇ? ಹಾಗನಿಸುವುದಿಲ್ಲ. ಸಂಕೇತಗಳನ್ನು ಹಿಡಿದು ನಿಲ್ಲಿಸುವುದಕ್ಕೆ ಓದುಗನ ಕಡೆಯಿಂದ ಒಂದು ಮುಖ ಬರುತ್ತದೆ, ಅದನ್ನು ಅವರು ಲೆಕ್ಕಕ್ಕೆ ಹಿಡಿಯಲಿಲ್ಲ, ಅಷ್ಟೇ. ಅವರ ಓದುಗರೆಲ್ಲ ಮನುಷ್ಯರಾಗಿದ್ದರು. ಲೆಕ್ಕ ಹಿಡಿಯುವ ಅಗತ್ಯ ಬಿದ್ದಿರಲಿಲ್ಲ. ಮನುಷ್ಯರ ಮುಖ ಕಂಡೇ ಇಲ್ಲದ ಒಬ್ಬ ಓದುಗ ಮೊದಲ ಸಲ ಎದುರು ಬಂದಾಗ ಆ ಪಾಲು ಕಣ್ಣಿಗೆ ಬಿತ್ತು.

ಹೀಗೆ ಬಂದ ಮುಖಗಳಿಂದ ಆರಿಸಿ ಪಾತ್ರಗಳನ್ನು ಮಾಡಿಕೊಂಡರು. ಯಂತ್ರ ಕೊಟ್ಟದ್ದು ಮುಖ ಮಾತ್ರ. ಮೈ, ಉಡುಪು, ನಡಿಗೆ ಎಲ್ಲವನ್ನೂ ತೆಜುಕಾ ಶೈಲಿ ಕರಗತವಾಗಿದ್ದ ಕಲಾವಿದರು ಕೂಡಿಸಿದರು. ಪುಟದಲ್ಲಿ ಚೌಕ ಹಂಚುವ ಕಚ್ಚಾ ನಕ್ಷೆಗೆ ಜಪಾನಿನ ಮಾಂಗಾದವರು ‘ನೇಮು’ ಎನ್ನುತ್ತಾರೆ. ಅದು ಇನ್ನೊಬ್ಬರ ಕೈಯದು. ಶಾಯಿ ಹಾಕುವುದೂ ಮನುಷ್ಯರ ಕೈಯದೇ. ಮೊದಲ ಭಾಗ 2020ರ ಫೆಬ್ರುವರಿ 27ರಂದು ಕೊದಾನ್ಶಾ ಪ್ರಕಾಶನದ ‘ಮಾರ್ನಿಂಗ್’ ವಾರಪತ್ರಿಕೆಯಲ್ಲಿ ಬಂತು. ಹೆಸರು ‘ಪೈಡಾನ್’. 2030ರ ತೋಕಿಯೊ, ಎಲ್ಲವನ್ನೂ ಯಂತ್ರಗಳು ನೋಡಿಕೊಳ್ಳುವ ಊರು. ಆ ವ್ಯವಸ್ಥೆಗೆ ಬೆನ್ನು ಹಾಕಿ ಬೀದಿಯಲ್ಲಿ ಬದುಕುವ, ತತ್ವಜ್ಞಾನಿಯಂಥ ಒಬ್ಬ ನೆಲೆಯಿಲ್ಲದ ಮನುಷ್ಯ, ಅವನ ಜೊತೆಗೆ ಅಪೋಲೊ ಎಂಬ ಯಂತ್ರದ ಹಕ್ಕಿ. ಇಬ್ಬರೂ ಸೇರಿ ಅಪರಾಧಗಳ ಸಿಕ್ಕು ಬಿಡಿಸುತ್ತಾರೆ. ಎಲ್ಲವನ್ನೂ ಯಂತ್ರಕ್ಕೆ ಬಿಟ್ಟ ಲೋಕವನ್ನು ಒಪ್ಪದವನ ಕತೆಯನ್ನು ಯಂತ್ರದ ಜೊತೆ ಕೂತು ಬರೆದರಲ್ಲ, ಆ ಕುಚೇಷ್ಟೆ ತೆಜುಕಾ ಅವರಿಗೆ ಹಿಡಿಸುತ್ತಿತ್ತು.

ಎಐ ಬರೆದ ಮಾಂಗಾ ಎಂಬ ಸುದ್ದಿ ಊರೆಲ್ಲ ಹರಡಿತು. ಅದು ಅತಿ ಎಂದು ಮೇಲಿನದನ್ನು ಓದಿದವರಿಗೆ ತಿಳಿದಿರುತ್ತದೆ. ಯಂತ್ರದ ಪಾಲು ಒಂದು ಎಲುಬುಗೂಡು ಕತೆ, ಒಂದಷ್ಟು ಮುಖ. ಮಿಕ್ಕದ್ದು ಮನುಷ್ಯರದು.

ಸುಮಾರು ಮೂರು ವರ್ಷದಲ್ಲಿ ಆಟದ ಹಲಗೆಯೇ ಬದಲಾಯಿತು. 2023ರಲ್ಲಿ ಕುರಿಹಾರಾ ಮತ್ತು ಮಕೋತೊ ತೆಜುಕಾ ಮತ್ತೆ ಕೂಡಿ ಬ್ಲ್ಯಾಕ್ ಜ್ಯಾಕ್‌ನ ಹೊಸ ಅಧ್ಯಾಯ ತರಲು ಹೊರಟರು. ಆ ಮಾಂಗಾ ಶುರುವಾಗಿ ಐವತ್ತು ವರ್ಷ ತುಂಬುತ್ತಿತ್ತು. ಈ ಸಲ ಕೈಯಲ್ಲಿದ್ದದ್ದು ಕತೆಗೆ ಜಿಪಿಟಿ-4, ಚಿತ್ರಕ್ಕೆ ಸ್ಟೇಬಲ್ ಡಿಫ್ಯೂಷನ್. ತುಂಡು ವಾಕ್ಯ ಕೊಡುವ ಯಂತ್ರವಲ್ಲ ಇದು. ಕೇಳಿದರೆ ನಿಮಿಷದಲ್ಲಿ ತಲೆಯಿಂದ ಬಾಲದವರೆಗೆ ಕತೆ ಒಪ್ಪಿಸುವಂಥದ್ದು. ಗೂಡಿನಲ್ಲಿ ತುಪ್ಪ ಇರುತ್ತದೆ, ಬಿದ್ದವನನ್ನು ಕಂಡರೆ ಗೆಳೆಯ ಎದ್ದು ಓಡುತ್ತಾನೆ ಎಂದು ಇದಕ್ಕೆ ಯಾರೂ ನಿಯಮ ಬರೆದು ಕೊಡಬೇಕಿಲ್ಲ. ಮನುಷ್ಯರು ಬರೆದುಹಾಕಿದ ಅಪಾರ ಪಠ್ಯದಿಂದ ಅದನ್ನೆಲ್ಲ ಹೇಗೋ ಹೀರಿಕೊಂಡಿದೆ.

ಹಳೆಯ ಕಷ್ಟ ಹೋಗಿ ಅದರ ತದ್ವಿರುದ್ಧದ್ದು ಬಂತು ಎಂದು ನನಗನ್ನಿಸುತ್ತದೆ. ಅಂದಿನ ಯಂತ್ರ ಎಡವಿದಾಗ ಏನು ತಪ್ಪಿತೆಂದು ಹೊರಗಿನಿಂದಲೇ ಕಾಣುತ್ತಿತ್ತು. ಇಂದಿನದು ಎಡವುವುದು ಕಡಿಮೆ. ನುಣ್ಣಗೆ, ಎಲ್ಲೋ ಓದಿದಂತೆ ಇರುತ್ತದೆ ಅದು ಹೇಳುವ ಕತೆ. ಯಾವುದು ಕೊರತೆ ಎಂದು ಬೆರಳಿಡಲು ತಿಣುಕಬೇಕು. ಹಾಗಾಗಿ ಈ ಸಲ ಯಂತ್ರವನ್ನು ಒಬ್ಬ ಮಾತುಗಾರ ಜೊತೆಗಾರನಂತೆ ಕೂರಿಸಿಕೊಂಡರು. ಕತೆಗಾರರು ಒಂದು ಎಳೆ ಎಸೆಯುವುದು, ಅದು ಹಂದರ ಹೇಳುವುದು, ಬೇಡ ಎನ್ನುವುದು, ತಿರುಚಿ ಮತ್ತೆ ಕೇಳುವುದು. ಯಂತ್ರ ಕತೆ ಬರೆಯಬಲ್ಲದೇ ಎಂದು ಪರೀಕ್ಷಿಸುವ ಹಟ ಆಗಲೇ ಇಳಿದಿತ್ತು. ಬರೆಯುವವರಿಗೆ ಅದು ಯಾವ ಹಂತದಲ್ಲಿ ಕೈಗೆ ಬರುತ್ತದೆ ಎಂದು ನೋಡುವುದೇ ಕೆಲಸವಾಗಿತ್ತು.

ಆ ಅಧ್ಯಾಯ 2023ರ ನವೆಂಬರ್ 22ರಂದು, ಬ್ಲ್ಯಾಕ್ ಜ್ಯಾಕ್ ಮೊದಲು ಬಂದಿದ್ದ ‘ಶೋನೆನ್ ಚಾಂಪಿಯನ್’ ವಾರಪತ್ರಿಕೆಯಲ್ಲೇ ಅಚ್ಚಾಯಿತು. ಯಂತ್ರದ ಹೃದಯ ಇಟ್ಟುಕೊಂಡ ಮರಿಯಾ ಎಂಬ ರೋಗಿಯ ಕತೆ. ಪುಟಗಳನ್ನು ಬರೆದದ್ದು ಈ ಸಲವೂ ಕಲಾವಿದರೇ. ಓದುಗರಲ್ಲಿ ಕೆಲವರು ಮೆಚ್ಚಿದರು, ಕೆಲವರು ಸತ್ತವರ ಹೆಸರಿನಲ್ಲಿ ಇದೆಲ್ಲ ಯಾಕೆ ಎಂದು ಸಿಡುಕಿದರು. ಎರಡನೆಯವರ ಪ್ರಶ್ನೆಗೆ ಪ್ರಯೋಗಾಲಯದಲ್ಲಿ ಉತ್ತರ ಸಿಗುವಂತಿಲ್ಲ. ಅದನ್ನು ತೆಜುಕಾ ಮನೆಯವರೂ ಓದುಗರೂ ತಮ್ಮ ತಮ್ಮಲ್ಲೇ ಬಗೆಹರಿಸಿಕೊಳ್ಳಬೇಕು.